ಗೇಣೆತ್ತರದಿಂದ ಮನೆ ನೋಡಿ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಮಕ್ಕಳ ಬೇಡಿಕೆಯ ಪಟ್ಟಿಯಲ್ಲಿ ಮೊಲವೂ ಸೇರಿಕೊಳ್ಳುತ್ತದೆ. ನಾಯಿ ಬೇಡವೇ ಬೇಡ ಎಂದ ಅಪ್ಪ, ಬೆಕ್ಕು ಹಾಲಿಗೆ ಬಾಯಿ ಹಾಕುತ್ತದೆ ಎಂದ ಅಜ್ಜಿ ಇಬ್ಬರೂ ಮೊಲಕ್ಕೆ ಬೇಗ ಒಪ್ಪುತ್ತಾರೆ. ಬೊಗಳುವುದಿಲ್ಲ, ಮಾಂಸ ಕೇಳುವುದಿಲ್ಲ, ವಾಕಿಂಗ್ ಕರೆದೊಯ್ಯಬೇಕಿಲ್ಲ; ಮೂಲೆಯಲ್ಲೊಂದು ಪಂಜರ ಇಟ್ಟರೆ ಮುಗಿಯಿತು ಎನ್ನುವ ಲೆಕ್ಕ. ಸಂಜೆಯೊಳಗೆ ರಟ್ಟಿನ ಡಬ್ಬದಲ್ಲಿ ಬಿಳಿ ಮೈ, ಕೆಂಪು ಕಣ್ಣಿನ ಎರಡು ಮರಿಗಳು ಮನೆ ಸೇರಿರುತ್ತವೆ. ಅಂಗಡಿಯವನು ಎರಡೇ ಮಾತು ಹೇಳಿ ಕಳಿಸಿರುತ್ತಾನೆ: ಕ್ಯಾರೆಟ್ ಹಾಕಿ, ನೀರು ಕೊಡಬೇಡಿ. ಎರಡೂ ತಪ್ಪು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವು ಹಟಮಾರಿಗಳ ಮೇಲೆ ಎಸೆಯುತ್ತೇವೆ. ಮೊಲ ಸಾಕುವ ವಿಷಯದಲ್ಲಂತೂ ಊರಿಗೂರೇ ಹಟಮಾರಿ. ನೀರು ಕುಡಿದರೆ ಮೊಲ ಸಾಯುತ್ತದೆ ಎಂದು ಎದೆ ತಟ್ಟಿ ಹೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಹಸಿ ಸೊಪ್ಪು ತಿಂದ ದಿನ ಅದಕ್ಕೆ ಬಾಯಾರಿಕೆ ತುಸು ಕಡಿಮೆ, ಅಷ್ಟೇ. ಒಣಹುಲ್ಲು ತಿನ್ನುವ ಎರಡು ಕಿಲೋ ತೂಕದ ಮೊಲಕ್ಕೆ ದಿನಕ್ಕೊಂದು ಲೋಟ ನೀರಾದರೂ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಭಾನುವಾರ ಬಕೆಟ್ಟಿನಲ್ಲಿ ಅದ್ದಿ ಶಾಂಪೂ ಹಾಕುವುದು, ಕಿವಿ ಹಿಡಿದು ಎತ್ತುವುದು ಇವೂ ಅದೇ ಜಾತಿಯ ನಂಬಿಕೆಗಳು. ಮೊಲದ ಹಿಂಗಾಲಿನ ಬಲ ದೊಡ್ಡದು, ಮೂಳೆ ಹಗುರ. ಎತ್ತಿದಾಗ ಗಾಬರಿಯಿಂದ ಒಮ್ಮೆ ಜೋರಾಗಿ ಒದ್ದರೆ ಸಾಕು, ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಂಡೀತು.

ಹಾಗಾಗಿ ಮೊಲ ತರುವ ಮೊದಲು ಒಂದು ತಿಂಗಳು ಮನೆ ಸಿದ್ಧ ಮಾಡಿಕೊಳ್ಳಿ ಎನ್ನುವುದು ನನ್ನ ವಾದ. ತಿಂಗಳೇ ಎಂದು ನಗಬಹುದು. ಆದರೆ ಆ ತಿಂಗಳಲ್ಲಿ ಅರ್ಧದಷ್ಟು ಮನೆಗಳು ನಮಗೆ ಮೊಲ ಬೇಡ ಎಂಬ ತೀರ್ಮಾನಕ್ಕೆ ಬಂದರೆ ನನಗೆ ಸಂತೋಷವೇ.

ಮೊದಲು ತಿಳಿಯಬೇಕಾದದ್ದು, ಮನೆಗೆ ಬರುವ ಈ ಪ್ರಾಣಿ ನಮ್ಮ ಹೊಲದ ಮೊಲವಲ್ಲ. ರಾಗಿ ಹೊಲದಲ್ಲಿ ಕಾಲ ಬುಡದಿಂದ ಚಂಗನೆ ಹಾರಿ ಓಡುವ ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ; ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು ಕಣ್ಣು ತೆರೆದಿರುತ್ತವೆ. ಕೊಯ್ಲಿನ ಹೊತ್ತಿಗೆ ಅಂಥ ಮರಿ ಸಿಕ್ಕಿತೆಂದು ಮನೆಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೂ ಮಿಗಿಲಾಗಿ, ಅದು ಅನಾಥವೇನಲ್ಲ. ತಾಯಿ ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಬಿಲವಾಸಿ ಮೊಲ. ಅಂಗೋರಾ, ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ ಎಂದು ತಳಿಗೆ ಯಾವ ಹೆಸರಿದ್ದರೂ ಬೇರು ಅಲ್ಲಿಯದೇ. ಅವು ಹುಟ್ಟುವಾಗ ಕುರುಡು, ಮೈ ಬೋಳು. ನೆಲ ಅಗೆಯುವುದು, ಗುಂಪಿನಲ್ಲಿ ಬದುಕುವುದು, ಸದ್ದಾದರೆ ಮರೆಗೆ ಓಡುವುದು ರಕ್ತದಲ್ಲೇ ಇದೆ. ತುಂಗಭದ್ರೆಯ ದಂಡೆಯಲ್ಲಿ ಬೇಟೆನಾಯಿಗಳ ಮೇಲೆ ತಿರುಗಿಬಿದ್ದ ಮೊಲವನ್ನು ಕಂಡು ಹಕ್ಕಬುಕ್ಕರು ವಿಜಯನಗರ ಕಟ್ಟಿದರೆಂದು ನಾವು ಓದಿದ್ದೇವೆ. ಆ ಪರಾಕ್ರಮವನ್ನು ನಿಮ್ಮ ಮನೆಯ ಮೊಲದಿಂದ ನಿರೀಕ್ಷಿಸಬೇಡಿ. ಪಕ್ಕದ ಮನೆಯ ಪೊಮೆರೇನಿಯನ್ ಗೇಟಿನ ಹತ್ತಿರ ಬೊಗಳಿದರೆ ಸಾಕು, ಇದು ಊಟ ಬಿಟ್ಟು ಕೂರುತ್ತದೆ.

ಎಲ್ಲ ಪ್ರಾಣಿಗಳಿಗೂ ಊಟವಾಗಬಲ್ಲ ಪ್ರಾಣಿಯೊಂದು ನಿಮ್ಮ ಮನೆಯನ್ನು ಹೇಗೆ ಕಾಣುತ್ತದೆ? ಇದನ್ನು ತಿಳಿಯಲು ನೆಲದ ಮೇಲೆ ಅಂಗಾತವಲ್ಲ, ಬೋರಲು ಮಲಗಿ, ಗೇಣೆತ್ತರದಿಂದ ಹಾಲ್ ಅನ್ನು ಒಮ್ಮೆ ನೋಡಬೇಕು. ಟಿವಿಯ ಹಿಂದೆ ಜೋತುಬಿದ್ದ ವೈರು, ವೈಫೈ ಪೆಟ್ಟಿಗೆಯ ಕೇಬಲ್ಲು, ಸೋಫಾದ ಪಕ್ಕದಲ್ಲಿ ಸದಾ ಚುಚ್ಚಿಟ್ಟ ಮೊಬೈಲ್ ಚಾರ್ಜರು ಕಣ್ಣಿಗೆ ಬೀಳುತ್ತವೆ. ಮೊಲದ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಕಡಿಯುವುದು ಅದಕ್ಕೆ ಚೇಷ್ಟೆಯಲ್ಲ, ಕಸುಬು. ಎಳೆ ಬೇರು ಕತ್ತರಿಸುವ ಅಭ್ಯಾಸದಲ್ಲೇ ಅದು ವೈರನ್ನೂ ಕತ್ತರಿಸುತ್ತದೆ. ವೈರುಗಳನ್ನು ಗೋಡೆಗೆ ಎತ್ತರಿಸಿ, ಇಲ್ಲವೇ ಗಟ್ಟಿ ಪಿವಿಸಿ ಕೊಳವೆಯೊಳಗೆ ಹಾಯಿಸಿ. ಬೀರುವಿನ ಹಿಂದಿನ ಸಂದು, ಫ್ರಿಜ್ಜಿನ ಅಡಿ, ವಾಷಿಂಗ್ ಮಷೀನಿನ ಬೆನ್ನು ಇವೆಲ್ಲ ಅದರ ಲೆಕ್ಕದಲ್ಲಿ ಬಿಲಗಳೇ. ಒಮ್ಮೆ ಒಳಹೊಕ್ಕರೆ ಹೊರತೆಗೆಯಲು ಇಡೀ ಮನೆ ಸಾಲದು.

ನಮ್ಮ ಮನೆಗಳ ನೆಲವೂ ಅದಕ್ಕೆ ಒಗ್ಗದು. ಮೊಲದ ಪಾದದಲ್ಲಿ ನಾಯಿಗಿರುವಂಥ ಮೆತ್ತೆಯಿಲ್ಲ, ಬರೀ ಕೂದಲು. ಪಾಲಿಶ್ ಹಾಕಿದ ಗ್ರಾನೈಟ್, ಹೊಳೆಯುವ ವಿಟ್ರಿಫೈಡ್ ಟೈಲ್ ಮೇಲೆ ಕಾಲು ಜಾರಿ ಹಿಂಗಾಲು ಕಿತ್ತುಬರುತ್ತದೆ. ತಂತಿ ತಳದ ಪಂಜರವಾದರೆ ಅಂಗಾಲು ಹುಣ್ಣಾಗುತ್ತದೆ. ಈಚಲು ಚಾಪೆ ಹಾಸಿ. ಕಡಿದು ತಿಂದರೂ ಹೆದರಬೇಕಿಲ್ಲ. ಪ್ಲಾಸ್ಟಿಕ್ ಚಾಪೆ ಮಾತ್ರ ಬೇಡ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಹೋದದ್ದು ಕರುಳಲ್ಲಿ ಸಿಕ್ಕಿಕೊಂಡರೆ ಕಷ್ಟ.

ಪಂಜರದ ಮಾತು. ಅಂಗಡಿಯಲ್ಲಿ ಸಿಗುವ ಎರಡಡಿಯ ಬಣ್ಣದ ಗೂಡು ಮೊಲವನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಸರಿ, ವಾಸಕ್ಕಲ್ಲ. ಬ್ರಿಟನ್ನಿನ ಮೊಲಕ್ಷೇಮ ಸಂಘ ಒಂದು ಜೋಡಿಗೆ ಹೇಳುವ ಕನಿಷ್ಠ ಜಾಗ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರ; ಅದೂ ಹಗಲೂ ರಾತ್ರಿ ತೆರೆದೇ ಇರಬೇಕು. ಬೆಂಗಳೂರಿನ 30×40 ಸೈಟಿನ ಮನೆಯಲ್ಲಿ ಅದು ಸರಿಸುಮಾರು ಒಂದು ಸಣ್ಣ ಕೋಣೆ. ಬಾಡಿಗೆಗೆ ಕೊಟ್ಟರೆ ಎಷ್ಟು ಬಂದೀತು ಎಂದು ಮನಸ್ಸು ಲೆಕ್ಕ ಹಾಕತೊಡಗಿದರೆ ಉತ್ತರ ಸಿಕ್ಕಿದಂತೆಯೇ. ಪಂಜರವೇ ಬೇಡ, ಬೆಕ್ಕಿನ ಹಾಗೆ ಮನೆಯೊಳಗೆ ಓಡಾಡಿಕೊಂಡಿರಲಿ ಎನ್ನುವ ದಾರಿಯೂ ಇದೆ. 1985ರಲ್ಲಿ ಅಮೆರಿಕದ ಮಾರಿನೆಲ್ ಹ್ಯಾರಿಮನ್ ಈ ಬಗ್ಗೆ ಪುಸ್ತಕ ಬರೆದ ಮೇಲೆ ಅದು ಅಲ್ಲಿ ಜನಪ್ರಿಯವಾಯಿತು. ಮೂಲೆಯಲ್ಲಿ ಅಗಲ ತಟ್ಟೆಯಿಟ್ಟು ಹುಲ್ಲು ಹಾಕಿದರೆ ಮೊಲ ಅಲ್ಲೇ ಕೂತು ಮೇಯುತ್ತ ಅಲ್ಲೇ ಉಚ್ಚೆಹಿಕ್ಕೆ ಮುಗಿಸಲು ಕಲಿಯುತ್ತದೆ. ಅಗರಬತ್ತಿ, ಸೊಳ್ಳೆಬತ್ತಿಯ ಹೊಗೆ ತುಂಬುವ ಕೋಣೆ ಮಾತ್ರ ಬೇಡ. ದೀಪಾವಳಿಯ ಮೂರು ರಾತ್ರಿ ಅದನ್ನು ಎಲ್ಲಿಡುತ್ತೀರಿ ಎಂಬುದನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ.

ಇನ್ನು ಹಿತ್ತಲು. ನಿಜವಾದ ಕೆಲಸ ಇರುವುದು ಇಲ್ಲೇ. ನಮ್ಮ ಹಿತ್ತಲುಗಳನ್ನು ಬೆಳೆಸಿದ್ದು ದೇವರ ಬುಟ್ಟಿ. ಕಣಗಿಲೆ, ಹಳದಿ ಕರವೀರ, ಎಕ್ಕ, ನಿತ್ಯಪುಷ್ಪ, ಬೇಲಿಯ ಹೊರಗೆ ತಾನಾಗಿ ಹುಟ್ಟಿದ ಉಮ್ಮತ್ತಿ ಎಲ್ಲವೂ ವಿಷವೇ. ಕಣಗಿಲೆಯ ಎಲೆಯಂತೂ ಹೃದಯವನ್ನೇ ನಿಲ್ಲಿಸಬಲ್ಲದು. ಹಾಲಾಹಲ ಕುಡಿದ ಶಿವನಿಗೆ ಇವು ಒಪ್ಪುತ್ತವೆ, ಮೊಲಕ್ಕೆ ಒಪ್ಪುವುದಿಲ್ಲ. ಗಣಪನ ಗರಿಕೆ, ಕೆಂಪು ದಾಸವಾಳದ ಎಲೆ ಮತ್ತು ಹೂವು ಎರಡೂ ಮೊಲಕ್ಕೂ ಪ್ರಿಯ. ಇಲಿ ಗಣಪನ ಪಕ್ಷದಲ್ಲಿರುವಾಗ ಮೊಲವೂ ಅಲ್ಲೇ ಸೇರಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಒಂದು ಕೌತುಕ ಹೇಳಲೇಬೇಕು: ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಎಂಬ ವಿಷವನ್ನು ಒಡೆದುಹಾಕುವ ಕಿಣ್ವ ಕೆಲವು ಮೊಲಗಳ ರಕ್ತದಲ್ಲೇ ಇದೆ. ಅದೇ ಕಾರಣಕ್ಕೆ ಅಟ್ರೋಪಿನ್ ಔಷಧವಾಗಿಯೂ ಅವುಗಳ ಮೇಲೆ ಸರಿಯಾಗಿ ಕೆಲಸ ಮಾಡದು. ನಿಮ್ಮ ಮನೆಯ ಮೊಲ ಆ ಕೆಲವುಗಳಲ್ಲಿ ಒಂದೋ ಅಲ್ಲವೋ ಎಂದು ಉಮ್ಮತ್ತಿ ತಿನ್ನಿಸಿ ಪರೀಕ್ಷಿಸುವುದು ಬೇಡ, ಗಿಡ ಕಿತ್ತುಹಾಕಿ. ವರಾಂಡದ ಮನಿಪ್ಲಾಂಟ್, ಡೀಫನ್‌ಬಾಕಿಯಾ, ಹಿತ್ತಲಿನ ಕೆಸು ಕುಂಡ ಸಮೇತ ಎತ್ತರಕ್ಕೆ ಹೋಗಲಿ. ಇಲಿಪಾಷಾಣ ಇಟ್ಟ ಜಾಗ, ಬಸವನಹುಳುವಿಗೆ ಹಾಕಿದ ಗುಳಿಗೆ ಮನೆಯಲ್ಲಿ ಯಾರಿಗಾದರೂ ನೆನಪಿದೆಯೇ ಕೇಳಿ.

ಬೇಲಿಯ ಬಗ್ಗೆ ಆಸ್ಟ್ರೇಲಿಯದವರನ್ನು ಕೇಳಬೇಕು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಶೋಕಿಗಾಗಿ ಇಂಗ್ಲೆಂಡಿನಿಂದ ಎರಡು ಡಜನ್‌ನಷ್ಟು ಮೊಲ ತರಿಸಿ ವಿಕ್ಟೋರಿಯದ ತನ್ನ ಜಮೀನಿನಲ್ಲಿ ಬಿಟ್ಟ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅವು ಖಂಡದ ಉದ್ದಗಲ ಹಬ್ಬಿ ಮೇವು ಬೋಳು ಮಾಡಿದವು. ಪಶ್ಚಿಮ ಆಸ್ಟ್ರೇಲಿಯ ಸರ್ಕಾರ 1901ರಿಂದ 1907ರವರೆಗೆ ಮೊಲ ತಡೆಯಲೆಂದೇ ಬೇಲಿ ಹಾಕಿಸಿತು. ಮೊದಲನೆಯದೊಂದೇ 1,800 ಕಿಲೋಮೀಟರಿಗೂ ಹೆಚ್ಚು ಉದ್ದ. ಬೇಲಿ ಮುಗಿಯುವ ಮೊದಲೇ ಮೊಲಗಳು ಆಚೆ ದಾಟಿದ್ದವು. ನಿಮ್ಮ ಹಿತ್ತಲಿನ ಗೋಡೆಗೆ ತಳಪಾಯವಿದ್ದರೆ ನೀವು ಆ ಸರ್ಕಾರಕ್ಕಿಂತ ಅದೃಷ್ಟವಂತರು. ಬರೀ ತಂತಿಯಾದರೆ ಒಂದಡಿ ಆಳಕ್ಕೆ ಹೂತು, ಮೊಲದ ಕಡೆಗೆ ಮಡಚಿ ಮಣ್ಣು ಮುಚ್ಚಬೇಕು. ಕೋಳಿ ಬಲೆ ಸಾಲದು, ಅದನ್ನು ಮೊಲವೂ ಕಡಿಯುತ್ತದೆ, ನಾಯಿಯೂ ಹರಿಯುತ್ತದೆ. ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿಯೇ ಆಗಬೇಕು. ಮೇಲೂ ಮುಚ್ಚಬೇಕು: ಆಕಾಶದಲ್ಲಿ ಹದ್ದು, ಗೋಡೆಯ ಮೇಲೆ ಬೆಕ್ಕು, ಸಂದಿಯಲ್ಲಿ ಮುಂಗುಸಿ. ಮರಿಗಳಿದ್ದರೆ ಹೆಗ್ಗಣವೂ ಶತ್ರು.

ಬಿಸಿಲು ಇವೆಲ್ಲಕ್ಕಿಂತ ದೊಡ್ಡ ಶತ್ರು. ಮೊಲ ಬೆವರುವುದಿಲ್ಲ. ಒಳಗಿನ ಶಾಖವನ್ನು ಹೆಚ್ಚಾಗಿ ಕಿವಿಯ ರಕ್ತನಾಳಗಳ ಮೂಲಕವೇ ಹೊರಹಾಕಬೇಕು. ಉಷ್ಣತೆ 30 ಡಿಗ್ರಿ ದಾಟಿದರೆ ಅಪಾಯ ಶುರು. ಬಳ್ಳಾರಿ, ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಹೊರಗೆ ಮೊಲ ಇಡುವುದು, ಅದೂ ತಗಡಿನ ಶೀಟಿನ ಕೆಳಗೆ, ಕ್ರೌರ್ಯವೇ ಸರಿ. ಅಲ್ಲಿನವರು ಮನೆಯೊಳಗಿನ ತಂಪು ಕೋಣೆ ಕೊಡಲಾಗದಿದ್ದರೆ ಈ ಆಸೆ ಬಿಡುವುದು ಒಳ್ಳೆಯದು. ಮೈಸೂರು, ಹಾಸನದ ಕಡೆ ಹೊಂಗೆಯದೋ ಮಾವಿನದೋ ದಟ್ಟ ನೆರಳಿದ್ದರೆ ಬೆಳಗ್ಗೆ ಸಂಜೆ ಹಿತ್ತಲಿಗೆ ಬಿಡಬಹುದು. ಅವು ಚುರುಕಾಗುವುದೂ ಆ ಹೊತ್ತಲ್ಲೇ. ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಮೊಲ ಅದಕ್ಕೇ ಒರಗುತ್ತದೆ. ಮಲೆನಾಡು, ಕರಾವಳಿಯ ಕಷ್ಟ ಬೇರೆ. ಜುಲೈನಲ್ಲಿ ಹುಲ್ಲು ಬೂಸಲು ಹಿಡಿಯುತ್ತದೆ, ಹಿಂಭಾಗ ಒದ್ದೆಯಾಗಿ ಕೊಳೆಯಾದ ಮೊಲದ ಮೇಲೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳು ಬೀಳುತ್ತದೆ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಬಾಲ ಎತ್ತಿ ನೋಡಲು ಮನೆಯಲ್ಲಿ ಯಾರು ತಯಾರು? ಮೊಲ ಬೇಕೆಂದು ಅತ್ತ ಮಗುವಂತೂ ಅಲ್ಲ.

ಹುಲ್ಲಿನ ವ್ಯವಸ್ಥೆಯನ್ನೂ ಮುಂಚೆಯೇ ಮಾಡಿಕೊಳ್ಳಬೇಕು. ಊಟದ ಬಹುಪಾಲು ಒಣಹುಲ್ಲೇ ಇರಬೇಕು. ಹಲ್ಲು ಸವೆಯುವುದಕ್ಕೂ ಕರುಳು ನಡೆಯುವುದಕ್ಕೂ ಅದೇ ಆಧಾರ. ಕ್ಯಾರೆಟ್ಟು ಸಕ್ಕರೆ ತುಂಬಿದ ಗಡ್ಡೆ, ವಾರಕ್ಕೊಮ್ಮೆ ಬೆರಳಗಲದ ತುಂಡು ಸಾಕು. ಪೇಟೆಯ ಅಂಗಡಿಗಳಲ್ಲಿ ತಿಮೋತಿ ಹುಲ್ಲಿನ ಪೊಟ್ಟಣ ಸಿಗುತ್ತದೆ, ಬೆಲೆ ಕೇಳಿದರೆ ಅಕ್ಕಿಯೇ ಅಗ್ಗ ಎನಿಸುತ್ತದೆ. ಹಿತ್ತಲಿದ್ದವರು ಔಷಧ ಹೊಡೆಯದ ಮೂಲೆಯಲ್ಲಿ ಗರಿಕೆ ಬೆಳೆಸಿ ನೆರಳಲ್ಲಿ ಒಣಗಿಸಿಕೊಳ್ಳಬಹುದು. ಕುದುರೆಮೆಂತೆ ಮರಿಗಳಿಗೆ ಸರಿ. ಬೆಳೆದವಕ್ಕೆ ಅದರ ಸುಣ್ಣದ ಅಂಶ ಮೂತ್ರದಲ್ಲಿ ಕಲ್ಲು ಕಟ್ಟಿಸುತ್ತದೆ. ಬೆಳಗಿನ ಜಾವ ಮೊಲ ತನ್ನದೇ ಮೆತ್ತನೆಯ ಹಿಕ್ಕೆಯನ್ನು ಬಾಯಿಟ್ಟು ತಿನ್ನುವುದನ್ನು ಕಂಡು ಅಜ್ಜಿ ಹೌಹಾರಬಹುದು. ರೋಗವಲ್ಲ ಅದು, ಹುಲ್ಲಿನ ಸತ್ವವನ್ನು ಎರಡನೆಯ ಸುತ್ತಿನಲ್ಲಿ ಪಡೆಯುವ ಅದರ ಕ್ರಮ. ಹಸುವಿನ ಮೆಲುಕನ್ನು ಒಪ್ಪಿದವರು ಇದನ್ನೂ ಒಪ್ಪಬೇಕು.

ಒಂಟಿ ಮೊಲ ಕೊರಗುತ್ತದೆ, ಆದ್ದರಿಂದ ಜೋಡಿಯೇ ಬೇಕು. ಆದರೆ ಎರಡೂ ಹೆಣ್ಣೇ ಸಾರ್ ಎಂಬ ಅಂಗಡಿಯ ಭರವಸೆಯನ್ನು ನಂಬಿ ಕೂತರೆ ಮನೆ ತುಂಬುತ್ತದೆ. ನಾಲ್ಕೈದು ತಿಂಗಳಿಗೇ ಪ್ರಾಯ, ಗರ್ಭ 31 ದಿನ, ಹೆತ್ತ ದಿನವೇ ಮತ್ತೆ ಗಬ್ಬ ಕಟ್ಟಬಲ್ಲ ದೇಹ. ಹೀಗೆ ಹೆಚ್ಚಾದವೇ ಪ್ರಾಣಿದಯಾ ಕೇಂದ್ರಗಳ ಬಾಗಿಲಿಗೆ ಬರುವುದು, ಇಲ್ಲವೇ ಸ್ವತಂತ್ರವಾಗಿರಲಿ ಎಂಬ ನೆಪದಲ್ಲಿ ಕೆರೆ ಏರಿಯ ಪಾರ್ಕಿನಲ್ಲಿ ಬಿಡುಗಡೆಯಾಗುವುದು. ಬಿಳಿ ಮೈಯ ಸಾಕುಮೊಲ ಪಾರ್ಕಿನ ಬೀದಿನಾಯಿಗಳ ನಡುವೆ ಎಷ್ಟು ಹೊತ್ತು ಬದುಕೀತು? ಕೊಳ್ಳುವ ಬದಲು ಯಾರೋ ಬಿಟ್ಟುಹೋದ ಜೋಡಿಯನ್ನು ದತ್ತು ತನ್ನಿ. ಶಸ್ತ್ರಚಿಕಿತ್ಸೆಯಾಗಿದೆಯೇ ಕೇಳಿ, ಆಗಿಲ್ಲದಿದ್ದರೆ ಮೊದಲು ಮಾಡಿಸಿ. ಹೆಣ್ಣಿಗೆ ಅದು ಇನ್ನೂ ಅಗತ್ಯ, ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಅವುಗಳಲ್ಲಿ ತೀರ ಸಾಮಾನ್ಯ. ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟರಿಂದ ಹನ್ನೆರಡು ವರ್ಷ ಬಾಳುತ್ತದೆ. ಇವತ್ತು ನಾಲ್ಕನೇ ಕ್ಲಾಸಿನ ಮಗು ಆ ಹೊತ್ತಿಗೆ ಬೇರೆ ಊರಿನ ಹಾಸ್ಟೆಲಿನಲ್ಲಿರುತ್ತದೆ.

ಕೊನೆಯದಾಗಿ ಡಾಕ್ಟರು. ದನ, ನಾಯಿ ನೋಡುವವರೆಲ್ಲ ಮೊಲ ನೋಡುವುದಿಲ್ಲ. ನೋಡುವವರು ಯಾರು ಎಂದು ಮೊಲ ಬರುವ ಮೊದಲೇ ಹುಡುಕಿಡಿ. ನೋವನ್ನು ಮುಚ್ಚಿಡುವುದು ಬೇಟೆಗೆ ಬೀಳುವ ಪ್ರಾಣಿಯ ಗುಣ. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ನಾಳೆ ನೋಡೋಣ ಎನ್ನುವಂತಿಲ್ಲ, ಆಗಲೇ ಹೊರಡಬೇಕು. ನಾಯಿಯ ಉಣ್ಣೆಗೆ ತಂದ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ಮಾರಕ. ಮನೆಯ ಡಬ್ಬಿಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳೆಲ್ಲ ಸತ್ತು ಮೊಲವೂ ಸಾಯುತ್ತದೆ. ಈ ಎರಡು ಹೆಸರನ್ನೂ ಡಾಕ್ಟರ ಫೋನ್ ನಂಬರನ್ನೂ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಯುಗಾದಿಗೆ ನೀವು ಊರಿಗೆ ಹೋದಾಗ ಹುಲ್ಲು ನೀರು ಹಾಕಲು ಬರುವ ಪಕ್ಕದ ಮನೆಯವರಿಗೂ ಅದು ಬೇಕಾಗುತ್ತದೆ.