ಒಡೆದು ಕಟ್ಟಿ, ಪರ್ವಾಗಿಲ್ಲ

"ಮಾಮ, ಇದನ್ನ ಇಡಕ್ಕೇ ಆಗ್ತಿಲ್ಲ ನೋಡು."

ಅಕ್ಕನ ಮಗ ಟ್ಯಾಬ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ಹತ್ತು ವರ್ಷದ ಹುಡುಗ. ದಸರಾ ರಜೆ ಶುರುವಾದಾಗಿನಿಂದ ಅವನು ಸವಳಂಗ ರಸ್ತೆಯ ನಮ್ಮ ಮನೆಯಲ್ಲಿದ್ದ ಅನ್ನೋದಕ್ಕಿಂತ ಮೈನ್‌ಕ್ರಾಫ್ಟ್ ಒಳಗಿದ್ದ ಅನ್ನೋದೇ ಸರಿ. ನೀರಿನ ತಳದಿಂದ ಜೇಡಿಮಣ್ಣು ಅಗೆದು, ಕುಲುಮೆಯಲ್ಲಿ ಸುಟ್ಟು, ಒಂದು ಇಟ್ಟಿಗೆ ಮಾಡಿಕೊಂಡಿದ್ದ. ಅದನ್ನು ನೆಲದ ಮೇಲಿಡಲು ಸ್ಕ್ರೀನ್ ಒತ್ತೇ ಒತ್ತುತ್ತಿದ್ದ. ಇಟ್ಟಿಗೆ ಕೈ ಬಿಟ್ಟು ಇಳೀತಾನೇ ಇರಲಿಲ್ಲ.

ಆ ಆಟದ ನಿಯಮವೇ ಹಾಗೆ. ಒಂಟಿ ಇಟ್ಟಿಗೆ ಅಲ್ಲಿ ಬರೀ ಸಾಮಾನು, ಅಡುಗೆಗೆ ಉಪ್ಪು ಇದ್ದ ಹಾಗೆ. ಮೂರು ಸೇರಿಸಿದರೆ ಹೂಕುಂಡ ಆಗುತ್ತೆ, ನಾಲ್ಕು ಸೇರಿಸಿದರೆ ಒಂದು ಬ್ಲಾಕ್. ಗೋಡೆಗೆ ಇಡೋಕೆ ಆಗೋದು ಆ ಬ್ಲಾಕನ್ನು ಮಾತ್ರ. ಉದ್ದ, ಅಗಲ, ಎತ್ತರ ಎಲ್ಲಾ 1 ಮೀಟರ್. ಮೈಮೇಲೆ ಇಟ್ಟಿಗೆ ಸಾಲುಗಳ ಚಿತ್ರ ಇರುತ್ತೆ, ಅಷ್ಟೇ. ಒಂದು ಇಟ್ಟಿಗೆ ಬೇಯೋಕೆ 10 ಸೆಕೆಂಡು, ಒಂದು ಬ್ಲಾಕಿಗೆ 40. ಒಮ್ಮೆ ಬ್ಲಾಕ್ ಆಯಿತೋ, ಅದನ್ನು ಬಿಡಿಸಿ ಮತ್ತೆ ನಾಲ್ಕು ಇಟ್ಟಿಗೆ ಮಾಡಲಿಕ್ಕೂ ಬರಲ್ಲ.

"ನಂಗೆ ಒಂದೊಂದೇ ಇಡ್ಬೇಕು" ಅಂದ.

"ಒಂದೊಂದೇ ಇಡ್ತಾ ಕೂತ್ರೆ ನಿನ್ ಮನೆ ಮುಗಿಯೋದು ಯಾವಾಗ? ಬ್ಲಾಕ್ ಮಾಡ್ಕೊಳೋ" ಅಂದೆ. ಇಬ್ಬರೂ ಕೂತಿದ್ದದ್ದು ಮಹಡಿ ಮೇಲಿನ ರೂಮಿನಲ್ಲಿ. ಎದುರಿಗೆ ಆ ಗೋಡೆ.

ಆ ಗೋಡೆಯ ಕತೆ ಹೇಳಬೇಕು. ಇದೇ ವರ್ಷ ಫೆಬ್ರವರಿಯಲ್ಲಿ ಅಪ್ಪ ಅಮ್ಮನ ಮನೆಯ ಮೇಲೆ ಎರಡು ರೂಮು ಹಾಕಿಸಿದೆವು. ದುಡ್ಡು ನನ್ನದು, ಬಿಸಿಲು ಅವರದ್ದು. ನಾನು ಬೆಂಗಳೂರಿನಲ್ಲಿ ಕೂತು, ಮೀಟಿಂಗ್ ಮಧ್ಯೆ ವಿಡಿಯೊ ಕಾಲ್‌ನಲ್ಲಿ ಮನೆ ಕಟ್ಟಿಸುತ್ತಿದ್ದೆ. ಒಂದು ದಿನ ಮೇಸ್ತ್ರಿ ಫೋನನ್ನು ಸುತ್ತ ತಿರುಗಿಸಿ ತೋರಿಸಿದರು. ಎರಡು ರೂಮಿನ ನಡುವಿನ ಅಡ್ಡಗೋಡೆ ಎದ್ದು ನಿಂತಿತ್ತು. ನನಗೆ ತಟ್ಟನೆ ಅನಿಸಿತು, ಇದು ಇನ್ನೊಂದು ಒಂದೂವರೆ ಅಡಿ ಆಚೆ ಇದ್ದಿದ್ದರೆ ನಾನು ನೋಡಿಟ್ಟಿದ್ದ ವಾರ್ಡ್‌ರೋಬ್ ಕೂರುತ್ತಿತ್ತಲ್ಲ ಅಂತ.

"ಒಡೆದು ಕಟ್ಟಿ ಮೇಸ್ತ್ರಿ, ಪರ್ವಾಗಿಲ್ಲ" ಅಂದೆ.

ಒಂದು ಕ್ಷಣ ಆ ಕಡೆಯಿಂದ ಮಾತಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದುಕೊಂಡೆ. ಆಮೇಲೆ "ಆಯ್ತು ಸಾರ್" ಅಂದರು. ನಾನು ಮೀಟಿಂಗಿಗೆ ವಾಪಸ್ ಹೋದೆ.

ಯುಗಾದಿಗೆ ಊರಿಗೆ ಹೋದಾಗ ಹಿತ್ತಲಲ್ಲಿ ತುಂಡಿಟ್ಟಿಗೆಯ ಗುಡ್ಡೆ ಕಂಡಿತು. ಇದೇನಮ್ಮ ಅಂತ ಕೇಳಿದೆ. ಅಮ್ಮ ಬೇವು-ಬೆಲ್ಲ ಕೈಗೆ ಕೊಡುತ್ತಾ ಹೇಳಿದರು: "ನೀನು ಒಡ್ಸಿದ್ದಲ್ಲ ಗೋಡೆ, ಅದೇ. ಎರಡು ದಿನದ ಕೂಲಿ ಮೇಸ್ತ್ರಿ ಕೈಯಿಂದ ಹೋಯ್ತು. ನಾನು ಕೊಡಕ್ಕೆ ಹೋದ್ರೆ ಬೇಡ ಅಂದ್ಬಿಟ್ರು. ಇಟ್ಗೆ ಹೊರ್ತಿದ್ದ ಹೆಂಗ್ಸಿಗೆ ಒಂದೇ ದಿನದ್ದು ಸಿಕ್ಕಿದ್ದಂತೆ."

ಲೆಕ್ಕ ಸರಳ. ಕೂಲಿ ಚದರಕ್ಕೆ ಇಷ್ಟು ಅಂತ ಮೊದಲೇ ಮಾತಾಗಿತ್ತು. ಗೋಡೆಯನ್ನು ಒಂದು ಸಲ ಕಟ್ಟಿದರೂ, ಒಡೆದು ಎರಡು ಸಲ ಕಟ್ಟಿದರೂ ಚದರ ಅಷ್ಟೇ. ನನ್ನ ಒಂದು ಮಾತಿನ ಖರ್ಚು ಹಾಳೆಯ ಮೇಲೆ ಎಲ್ಲೂ ಕಾಣುವಂತಿರಲಿಲ್ಲ. ನಾಚಿಕೆಯಾಗೋದು ಇನ್ನೊಂದು ವಿಷಯಕ್ಕೆ. ನಮ್ಮ ಆಫೀಸಿನಲ್ಲಿ ಕ್ಲೈಂಟು ಒಂದು ಬಟನ್ನಿನ ಜಾಗ ಬದಲಿಸಿ ಅಂದರೂ ನಾವು ಚೇಂಜ್ ರಿಕ್ವೆಸ್ಟ್ ಅಂತ ಬೇರೆ ಬಿಲ್ ಹಾಕ್ತೀವಿ. ಶುಕ್ರವಾರ ಸಂಜೆ ಆರು ಗಂಟೆಗೆ ರಿಕ್ವೈರ್‌ಮೆಂಟ್ ಬದಲಾಯಿಸುವ ಜನರನ್ನು ನಾನು ಬೈದಿರೋದಕ್ಕೆ ಲೆಕ್ಕವಿಲ್ಲ.

ಈಗ ಆ ಹುಡುಗ ಬ್ಲಾಕ್ ಬೇಡ, ಒಂದೊಂದೇ ಬೇಕು ಅಂತ ಹಟ ಹಿಡಿದಾಗ ನಾನು ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ನನ್ನ ಗೋಡೆ ಹತ್ತಡಿ ಉದ್ದ, ಹತ್ತಡಿ ಎತ್ತರ, ನಾಲ್ಕೂವರೆ ಇಂಚು ದಪ್ಪ. ಅಂದರೆ 37.5 ಘನ ಅಡಿ. ಒಂದು ಘನ ಮೀಟರ್‌ಗೆ 35.3 ಘನ ಅಡಿ. ಹೆಚ್ಚುಕಮ್ಮಿ ಅವನ ಆಟದ ಒಂದೇ ಒಂದು ಬ್ಲಾಕ್!

ಅದಕ್ಕೆ ಅವನ ಆಟದಲ್ಲಿ ನಾಲ್ಕು ಇಟ್ಟಿಗೆ ಸಾಕು. ನಿಜದಲ್ಲಿ? ನಮ್ಮ ದೇಶದ ಮಾನಕ ಅಳತೆಯ ಇಟ್ಟಿಗೆ 19×9×9 ಸೆಂಟಿಮೀಟರ್, ಗಾರೆ ಸೇರಿದರೆ 20×10×10. ಘನ ಮೀಟರಿಗೆ 500. ಸಿವಿಲ್ ಓದಿದವರಿಗೆಲ್ಲ ಇದು ಬಾಯಿಪಾಠ. ಗೂಡಿನಿಂದ ಗೂಡಿಗೆ ಅಳತೆ ಬದಲಾಗುತ್ತೆ, ಆದರೂ ನಾಲ್ಕೈದು ನೂರು ಅಂತಿಟ್ಟುಕೊಳ್ಳಿ. ಒಂದು ಇಟ್ಟಿಗೆ ಸುಮಾರು ಮೂರು ಕೆ.ಜಿ. ಒಂದು ಹೊರೆಗೆ ಎಂಟು ಇಟ್ಟಿಗೆ ಅಂದರೂ, ಸಿಂಬಿ ಮೇಲೆ ಇಪ್ಪತ್ತನಾಲ್ಕು ಕೆ.ಜಿ. ಹೊತ್ತು ಆ ಹೆಂಗಸು ಅರವತ್ತು ಸಲ ಮೆಟ್ಟಿಲು ಹತ್ತಿರಬೇಕು. ಒಡೆದ ಮೇಲೆ ಅದೇ ಮೆಟ್ಟಿಲಲ್ಲಿ ತುಂಡುಗಳನ್ನು ಇಳಿಸಬೇಕು, ಕಡಿಮೆ ಬಿದ್ದದ್ದನ್ನು ಮತ್ತೆ ಹತ್ತಿಸಬೇಕು. ಆಟದಲ್ಲಿ ಪಿಕಾಸಿಯಿಂದ ಹೊಡೆದರೆ ಬ್ಲಾಕು ಒಂದು ಚೂರೂ ಮುಕ್ಕಾಗದೆ ಕೈಗೆ ವಾಪಸ್ ಬರುತ್ತೆ. ನಿಜದಲ್ಲಿ ಸಿಮೆಂಟು ಕಚ್ಚಿಕೊಂಡಿರುತ್ತೆ. ಗಟ್ಟಿ ಉಳಿದವನ್ನು ಕೂತು ಕೆರೆದು ಆರಿಸಬೇಕು, ಮಿಕ್ಕಿದ್ದು ಹಿತ್ತಲಿಗೆ.

ಹಾಗಂತ ಬ್ಲಾಕಿನಲ್ಲಿ ಯೋಚಿಸೋದೇ ತಪ್ಪು ಅಂತ ಹೇಳೋಕೆ ನನಗೆ ಧೈರ್ಯವಿಲ್ಲ. ಒಂದೊಂದು ಇಟ್ಟಿಗೆಯನ್ನೂ ಮನಸ್ಸಿನಲ್ಲಿ ಹೊತ್ತುಕೊಂಡು ಯಾರೂ ಮನೆ ಯೋಚಿಸಲಾರರು. ಒಂದೊಂದು ಅಗುಳಿನ ರೈತನನ್ನು ನೆನೆಯುತ್ತಾ ಕೂತರೆ ಊಟ ತಣ್ಣಗಾಗುತ್ತೆ. ಈ ಆಟದಿಂದ ಒಳ್ಳೆಯದೂ ಆಗಿದೆ. 2012ರಲ್ಲಿ ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ ಮತ್ತು ಆಟ ಮಾಡಿದ ಮೊಜಾಂಗ್ ಕಂಪನಿ ಸೇರಿ 'ಬ್ಲಾಕ್ ಬೈ ಬ್ಲಾಕ್' ಅನ್ನುವ ಕೆಲಸ ಶುರುಮಾಡಿದರು. ತಮ್ಮ ಬೀದಿಯ ಪಾರ್ಕು, ಮೈದಾನ ಹೇಗಿರಬೇಕು ಅಂತ ಅಲ್ಲಿನ ಜನರೇ ಮೊದಲು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿ ತೋರಿಸೋದು. ಮನಸ್ಸು ಬದಲಾಯಿಸೋದಿದ್ದರೆ ಅಲ್ಲೇ ಬದಲಾಯಿಸಿ, ಅಲ್ಲಿ ಯಾರ ಬೆನ್ನೂ ನೋಯಲ್ಲ. ನಾನೂ ವಾರ್ಡ್‌ರೋಬಿನ ಯೋಚನೆಯನ್ನು ಜನವರಿಯಲ್ಲೇ, ಪ್ಲಾನ್ ಕಾಗದದ ಮೇಲಿದ್ದಾಗಲೇ ಮಾಡಬಹುದಿತ್ತು.

ನನ್ನನ್ನು ಕಾಡುತ್ತಿರೋದು ಬೇರೆ. ಅಪ್ಪಣೆ ಕೊಡುವವನು ಬ್ಲಾಕಿನಲ್ಲಿ ಮಾತಾಡ್ತಾನೆ, ಕೇಳುವವನು ಇಟ್ಟಿಗೆಯಲ್ಲಿ ಕೆಲಸ ಮಾಡ್ತಾನೆ. ಕೂಲಿ ಮಾತ್ರ ಬ್ಲಾಕಿನ ಲೆಕ್ಕಕ್ಕೇ ನಿಗದಿಯಾಗಿರುತ್ತೆ. ನಡುವಿನ ಈ ವ್ಯತ್ಯಾಸವನ್ನು ಯಾವಾಗಲೂ ಕೆಳಗಿರುವವರೇ ತುಂಬಿಕೊಡಬೇಕು. "ಅವರೇ ಆಯ್ತು ಅಂದರಲ್ಲ" ಅಂತ ಒಬ್ಬ ಗೆಳೆಯ ವಾದಿಸಿದ. ನಿಜ, ಅಂದರು. ನಾನು ನನ್ನ ಮ್ಯಾನೇಜರಿಗೆ ದಿನಕ್ಕೆ ನಾಲ್ಕು ಸಲ ಹೇಳುವ "ಶ್ಯೂರ್" ಎಂಥದ್ದು ಅಂತ ನನಗೆ ಗೊತ್ತಿರೋದರಿಂದ ಆ ಆಯ್ತು ಎಂಥದ್ದು ಅಂತಲೂ ಗೊತ್ತು.

ಮನೆ ಕಟ್ಟಿದೆ ಅನ್ನೋ ಮಾತೇ ನೋಡಿ. ಕಟ್ಟಿಸಿದೆ ಅನ್ನೋದು ಸರಿಯಾದ ಕನ್ನಡ, ಆದರೆ ಗೃಹಪ್ರವೇಶದ ದಿನ ಎಲ್ಲರೂ ಕೇಳೋದು "ಮನೆ ಕಟ್ಟಿದ್ಯಂತೆ?" ಅಂತಲೇ. ನಮ್ಮ ಪಕ್ಕದ ತರೀಕೆರೆ ತಾಲ್ಲೂಕಿನ ಅಮೃತಪುರದಲ್ಲಿ 1196ರ ಹೊಯ್ಸಳ ದೇವಸ್ಥಾನ ಇದೆ. ಕಟ್ಟಿಸಿದ ದಂಡನಾಯಕ ಅಮೃತೇಶ್ವರ, ದೇವರ ಹೆಸರೂ ಅಮೃತೇಶ್ವರ. ಆದರೆ ಅದೇ ಹೊಯ್ಸಳರ ಕಾಲದ ಸೋಮನಾಥಪುರಕ್ಕೆ ಹೋದರೆ ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಅಂತ ಶಿಲ್ಪಿ ತನ್ನ ಹೆಸರು ಕೆತ್ತಿಕೊಂಡಿದ್ದಾನೆ. ಅಷ್ಟು ಹಿಂದೆ ಅದಕ್ಕೊಂದು ಜಾಗ ಇತ್ತು. ಕಲ್ಲು ಹೊತ್ತವರ ಹೆಸರಿಗೆ ಆಗಲೂ ಇರಲಿಲ್ಲ ಅನ್ನಿ. ಒಂಟಿ ಇಟ್ಟಿಗೆಗೆ ನಮ್ಮಲ್ಲಿ ಮರ್ಯಾದೆ ಸಿಕ್ಕಿದ್ದು ನನಗೆ ಗೊತ್ತಿರುವ ಹಾಗೆ ಒಂದೇ ಕತೆಯಲ್ಲಿ. ಅಪ್ಪ ಅಮ್ಮನ ಸೇವೆಯಲ್ಲಿದ್ದ ಪುಂಡಲೀಕ, ಬಾಗಿಲಿಗೆ ಬಂದ ದೇವರಿಗೆ ನಿಂತಿರು ಅಂತ ಒಂದು ಇಟ್ಟಿಗೆ ಎಸೆದ. ವಿಠಲ ಇನ್ನೂ ಅದರ ಮೇಲೆ ನಿಂತಿದ್ದಾನೆ.

ಯುಗಾದಿಯಲ್ಲಿ ವಿಷಯ ಗೊತ್ತಾದ ಮೇಲೂ ನಾನು ಏನೂ ಮಾಡಲಿಲ್ಲ ಅನ್ನೋದನ್ನು ಇಲ್ಲಿ ಬರೆದುಬಿಡಬೇಕು. ಕೊಟ್ಟರಾಯ್ತು ಅಂದುಕೊಂಡೆ, ಏಳು ತಿಂಗಳು ಹೋಯಿತು. ಆಯುಧಪೂಜೆ ದಿನ ಎರಡು ಕವರು ಹಿಡಿದುಕೊಂಡು ಹೋದೆ. ನವುಲೆ ಕಡೆ ಒಂದು ಹೊಸ ಬಡಾವಣೆಯಲ್ಲಿ ಕೆಲಸ ನಡೀತಿತ್ತು. ಕರಣೆ, ತೂಗುಗುಂಡು, ರಸಮಟ್ಟ ಎಲ್ಲ ತೊಳೆದು ಕುಂಕುಮ ಹಚ್ಚಿ, ಚೆಂಡು ಹೂ ಇಟ್ಟು, ಹಲಗೆ ಮೇಲೆ ಸಾಲಾಗಿ ಜೋಡಿಸಿದ್ದರು.

ಕವರು ನೋಡಿ ಮೇಸ್ತ್ರಿ ನಕ್ಕರು. "ಹಬ್ಬಕ್ಕಾ ಸಾರ್?"

ಹೂಂ ಅಂದುಬಿಟ್ಟಿದ್ದರೆ ಸುಲಭವಾಗ್ತಿತ್ತು. ಖುಷಿಯಿಂದ ಇಸ್ಕೊಳ್ತಿದ್ದರು, ನಾನೂ ಧಾರಾಳದ ಮನುಷ್ಯ ಅನಿಸಿಕೊಂಡು ಬರ್ತಿದ್ದೆ. "ಹಬ್ಬಕ್ಕಲ್ಲ ಮೇಸ್ತ್ರಿ. ಫೆಬ್ರವರಿಯಲ್ಲಿ ಒಂದು ಗೋಡೆ ಒಡೆಸಿದ್ನಲ್ಲ..."

"ಓ, ವಾರ್ಡ್‌ರೋಬ್ ಗೋಡೆನಾ?" ಅಂದರು. ಅವರಲ್ಲಿ ಅದಕ್ಕೊಂದು ಹೆಸರೇ ಬಿದ್ದಿತ್ತು!

ತಮ್ಮದನ್ನು ತಗೊಂಡರು. ಎಣಿಸಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಇನ್ನೊಂದು ಕವರನ್ನು ವಾಪಸ್ ನನ್ನ ಕೈಗಿಟ್ಟರು. "ಇದು ಆಯಮ್ಮಂದು ಸಾರ್, ನಾನ್ಯಾಕೆ ಇಟ್ಕೊಳ್ಲಿ. ಈಗ ನಮ್ ಜೊತೆ ಇಲ್ಲ, ಹೊಳೆಹೊನ್ನೂರು ಕಡೆ ಕೆಲಸಕ್ಕೆ ಹೋಗ್ತಾಳೆ. ನಿಮ್ಮನೆ ಮುಂದೇನೇ ಬಸ್ ಹತ್ತೋಳು, ಸಿಕ್ರೆ ಕೊಡಿ."

ಹೆಸರೇನು ಅಂತ ಆಗ ಕೇಳಿದೆ. ಎರಡು ತಿಂಗಳು ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದವಳು. ಕವರಿನ ಮೇಲೆ ಬರೆದುಕೊಂಡೆ.

ಮನೆಗೆ ಬಂದಾಗ ಹುಡುಗ ನಾಲ್ಕು ಇಟ್ಟಿಗೆ ಸೇರಿಸಿ ಬ್ಲಾಕ್ ಮಾಡಿ, ಗೋಡೆ ಮುಗಿಸಿ, ಅದು ಚೆನ್ನಾಗಿಲ್ಲ ಅಂತ ಒಡೆಯುತ್ತಿದ್ದ. ಕವರು ಅಮ್ಮನ ದೇವರಮನೆಯ ಗೂಡಿನಲ್ಲಿದೆ. ಫೋನ್ ಮಾಡಿದಾಗಲೆಲ್ಲ ಕೇಳ್ತೀನಿ. ಬೆಳಗ್ಗೆ ಎಂಟರ ಬಸ್ಸಿನ ಹೊತ್ತಿಗೆ ಅಮ್ಮ ಗೇಟಿನ ಹತ್ತಿರ ನಿಂತು ನೋಡ್ತಾರಂತೆ. ಇನ್ನೂ ಕಂಡಿಲ್ಲವಂತೆ.