ನಾಲಿಗೆಯ ಕಿಡಿಯೂ ನೆರೆಯವಳ ಮಾನವೂ



ನೆರೆಯವನ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳಬಾರದೆಂಬ ದೇವರಾಜ್ಞೆಯನ್ನು ನಾವೆಲ್ಲರೂ ದೀಕ್ಷಾಸ್ನಾನಕ್ಕೆ ಮುಂಚೆಯೇ ಕಲಿತಿದ್ದೇವೆ. ಆದರೂ ಅದು ನ್ಯಾಯಸ್ಥಾನದಲ್ಲಿ ನಿಂತವನಿಗೆ ಮಾತ್ರ ಸಂಬಂಧಪಟ್ಟದ್ದೆಂದು ಎಣಿಸಿ, ಬಾವಿಕಟ್ಟೆಯಲ್ಲಿಯೂ ಸಂತೆಯ ದಾರಿಯಲ್ಲಿಯೂ ಮರೆತುಬಿಡುತ್ತೇವೆ. ಅಂಥ ಮಾತು ಮಾಡುವ ಕೇಡು ಎಷ್ಟೆಂಬದಕ್ಕೆ ಜರ್ಮನಿ ದೇಶದ ಒಂದು ಮನೆಯ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇವೆ.

ರಾಬರ್ಟ್ ಶೂಮನ್ ಎಂಬವನು ಪ್ರಖ್ಯಾತ ಸಂಗೀತಕಾರನು. ಅವನ ಹೆಂಡತಿಯಾದ ಕ್ಲಾರಾ ಪಿಯಾನೋ ಬಾರಿಸುವದರಲ್ಲಿ ಯೂರೋಪಿನಲ್ಲೆಲ್ಲಾ ಹೆಸರುಗೊಂಡವಳು. ಆಕೆಯ ತಂದೆಯು ಒಪ್ಪದೆ ಹೋದದರಿಂದ ಇವರು ನ್ಯಾಯಾಲಯದ ಅಪ್ಪಣೆ ಪಡೆದು 1840ರಲ್ಲಿ ಮದುವೆಯಾದರು. 1853ರ ಸೆಪ್ಟೆಂಬರ್ ಕಡೆಯಲ್ಲಿ ಯೊಹಾನೆಸ್ ಬ್ರಾಮ್ಸ್ ಎಂಬ ಇಪ್ಪತ್ತು ವರುಷದ ಯುವಕನು ಇವರ ಮನೆಗೆ ಬಂದನು. ಗಂಡಹೆಂಡಿರಿಬ್ಬರೂ ಅವನನ್ನು ಪ್ರೀತಿಯಿಂದ ಸೇರಿಸಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ಶೂಮನ್ನನು ಬುದ್ಧಿಭ್ರಮಣೆಯಿಂದ ರೈನ್ ನದಿಗೆ ಹಾರಿದನು. ಜನರು ಅವನನ್ನು ಮೇಲಕ್ಕೆತ್ತಿದರು. ಬಳಿಕ ಅವನನ್ನು ಬಾನ್ ಪಟ್ಟಣದ ಬಳಿಯ ಆಸ್ಪತ್ರೆಗೆ ಸೇರಿಸಿದರು. ಅವನ ಮನಸ್ಸು ಕದಡೀತೆಂದು ವೈದ್ಯರು ಹೆಂಡತಿಯ ಭೇಟಿಯನ್ನು ತಡೆದರು. ಎರಡು ವರುಷಗಳಿಗಿಂತ ಹೆಚ್ಚು ಕಾಲ ಆಕೆ ಗಂಡನ ಮುಖ ಕಾಣಲಿಲ್ಲ; ಕಂಡದ್ದು 1856ರ ಜುಲೈಯಲ್ಲಿ, ಅವನು ತೀರಿಹೋಗುವದಕ್ಕೆ ಎರಡು ದಿನ ಮುಂಚೆ.

ಈ ಕಷ್ಟಕಾಲದಲ್ಲಿ ಬ್ರಾಮ್ಸನು ಆ ಮನೆಯ ಮಕ್ಕಳಿಗೂ ತಾಯಿಗೂ ನೆರವಾಗಿ ನಿಂತನು. ಅವನಿಗೆ ಆಕೆಯ ಮೇಲೆ ಆಳವಾದ ಪ್ರೀತಿ ಇತ್ತೆಂಬದು ಉಳಿದಿರುವ ಪತ್ರಗಳಿಂದ ತಿಳಿಯುತ್ತದೆ. ಇಷ್ಟನ್ನೇ ಹಿಡುಕೊಂಡು ಜನರ ನಾಲಿಗೆ ಹರಿಯಿತು. ಅಷ್ಟಕ್ಕೆ ನಿಲ್ಲದೆ, 1854ರ ಜೂನ್ 11ರಲ್ಲಿ ಹುಟ್ಟಿದ ಫೆಲಿಕ್ಸನು ಶೂಮನ್ನನ ಮಗನೇ ಅಲ್ಲವೆಂದರು. ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿರಿ. ಆಗ ಬ್ರಾಮ್ಸನು ಆ ಮನೆಯ ಹೊಸ್ತಿಲನ್ನೇ ತುಳಿದಿರಲಿಲ್ಲ. ಬೆರಳು ಮಡಚಿ ಎಣಿಸಬಹುದಾದ ಲೆಕ್ಕವನ್ನು ಎಣಿಸದೆ, ತೊಟ್ಟಿಲ ಕೂಸಿನ ಮೇಲೆಯೂ ಕಳಂಕ ಹೊರಿಸಿದರು. ಆಕೆಯಾದರೋ ಊರೂರು ತಿರುಗಿ ಪಿಯಾನೋ ಬಾರಿಸಿ ಮಕ್ಕಳನ್ನು ಸಾಕಿದಳು. ಗಂಡನ ಕೃತಿಗಳನ್ನು ಲೋಕಕ್ಕೆ ಕೇಳಿಸಿದಳು. ನಾಲ್ವತ್ತು ವರುಷ ವಿಧವೆಯಾಗಿ ಬಾಳಿ 1896ರಲ್ಲಿ ತೀರಿಹೋಗಿ, ಗಂಡನ ಮಗ್ಗುಲಲ್ಲೇ ಹೂಣಿಡಲ್ಪಟ್ಟಳು.

ಪ್ರಿಯರೇ, ಇದು ದೂರದೇಶದ ಕಥೆಯೆಂದು ಸುಮ್ಮನಿರಬೇಡಿರಿ. ಗಂಡನು ಕೂಲಿಗಾಗಿ ದೂರ ಹೋಗಿರುವ ಮನೆಗೆ ಮೈದುನನೋ ನೆರೆಯವನೋ ಒಂದು ಹೊರೆ ಸೌದೆ ತಂದುಹಾಕಿದರೆ, ಸಾಯಂಕಾಲದೊಳಗೆ ನಮ್ಮ ಕೇರಿಯಲ್ಲಿ ಏನೇನು ಮಾತು ಹುಟ್ಟುವದು! ಆ ಹೆಂಗಸು ಆದಿತ್ಯವಾರದಲ್ಲಿ ದೇವಾಲಯಕ್ಕೆ ಬರಲು ನಾಚುವಳು. ಸಹಾಯಮಾಡಿದವನು ಮರುದಿನ ಹೆದರಿ ದೂರ ನಿಲ್ಲುವನು. ಮಕ್ಕಳು ಹಸಿದು ಮಲಗುವರು. ನಾವು ಹೇಳಲಿಲ್ಲ, ಕೇಳಿದೆವಷ್ಟೇ ಅನ್ನುತ್ತೇವೆ. ಕೇಳುವ ಕಿವಿಯಿಲ್ಲದಿದ್ದರೆ ಹೇಳುವ ಬಾಯಿ ಎಷ್ಟು ಹೊತ್ತು ಆಡೀತು? ಸೌದೆ ಹಾಕದೆ ಒಲೆ ಉರಿಯುವದೋ?

ಯೋಸೇಫನನ್ನು ನೆನಸಿರಿ. ಮರಿಯಳು ಬಸುರಾದದ್ದು ತಿಳಿದಾಗ, ಮನುಷ್ಯರ ಲೆಕ್ಕದಿಂದ ಆಕೆ ತಪ್ಪಿತಸ್ಥಳಾಗಿಯೇ ತೋರಿದಳು. ದೇವದೂತನು ಇನ್ನೂ ಬಂದಿರಲಿಲ್ಲ. ಆದಾಗ್ಯೂ ನೀತಿವಂತನಾದ ಅವನು ಆಕೆಯನ್ನು ಜನರ ಮುಂದೆ ಅವಮಾನಪಡಿಸಲು ಮನಸ್ಸುಮಾಡಲಿಲ್ಲ. ಅವನ ಬಾಯಿ ಮುಚ್ಚಿದ್ದ ಆ ರಾತ್ರಿಯಲ್ಲಿ ನಮ್ಮ ರಕ್ಷಕನ ತಾಯಿಯ ಮಾನವು ಉಳಿಯಿತು.

ಯಾರಾದರೂ ನಿಜವಾಗಿ ತಪ್ಪಿದರೋ, ಕರ್ತನು ಕಲಿಸಿದ ಮಾರ್ಗವಿದೆ: ಮೊದಲು ಒಬ್ಬರೇ ಹೋಗಿ, ಅವರ ಸಂಗಡಲೇ ಪ್ರೀತಿಯಿಂದ ಮಾತಾಡತಕ್ಕದ್ದು. ಆದದರಿಂದ ಇನ್ನು ಮೇಲೆ ಅಂಥ ಮಾತು ನಮ್ಮ ಕಿವಿಗೆ ಬಿದ್ದರೆ ಅದು ನಮ್ಮಲ್ಲಿಯೇ ಸತ್ತುಹೋಗಲಿ. ನಾವು ಆ ಹೆಂಗಸಿನ ಮನೆಗೆ ಸೇರು ಅಕ್ಕಿಯನ್ನಾದರೂ ತಕ್ಕೊಂಡುಹೋಗಿ, ಆಕೆಯ ಸಂಗಡ ಕೂತು ಪ್ರಾರ್ಥಿಸೋಣ. ಹೃದಯಗಳನ್ನು ಬಲ್ಲ ದೇವರು ನಮ್ಮ ತುಟಿಗಳಿಗೆ ಕಾವಲಿಡಲಿ. ಆಮೆನ್.