ಯಾರನ್ನು ಕೇಳುವುದು?

ನಗರಸಭೆಗಳ ಗದ್ದಲ ಕಂಡು ನಕ್ಕವರಲ್ಲಿ ನಾನೂ ಒಬ್ಬ. ಬೆಂಗಳೂರಿನ ಪೌರಸಭಾಂಗಣದಲ್ಲಿ ಒಮ್ಮೆ ಕುಳಿತಿದ್ದೆ. ಸದಸ್ಯೆಯೊಬ್ಬರು ತಮ್ಮ ವಾರ್ಡಿನ ಮೋರಿಯ ಮಾತೆತ್ತಿದರು. ಮೂರು ಮಂದಿ ಒಟ್ಟಿಗೆ ಕೂಗಿದರು. ಮೇಯರು ಗಂಟೆ ಬಾರಿಸಿದರು. ಇಷ್ಟಾದ ಮೇಲೆ ಅಧಿಕಾರಿಯೊಬ್ಬರು ಎದ್ದು, ಕಾಗದ ತಿರುವುತ್ತ, ಏನೋ ಒಂದು ಸಮಾಧಾನ ಹೇಳಿದರು. ಉತ್ತರ ಸೊಗಸಾಗಿರಲಿಲ್ಲ, ನಿಜ. ಆದರೆ ಅವರು ಎದ್ದು ನಿಲ್ಲಲೇಬೇಕಾಯಿತು. ಅದರ ಬೆಲೆ ಅಂದು ನನಗೆ ತಿಳಿಯಲಿಲ್ಲ.

2020ರ ಸೆಪ್ಟೆಂಬರಿನಲ್ಲಿ ಆ 198 ಸದಸ್ಯರ ಅವಧಿ ಮುಗಿಯಿತು. ಅವಧಿ ತೀರುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನ ಹೇಳುತ್ತದೆ; 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದಾಗಲೂ ಚುನಾವಣೆ ನಡೆದಿರಲಿಲ್ಲ. ಸದಸ್ಯರ ಸಭೆಗಿದ್ದ ಅಧಿಕಾರವೆಲ್ಲ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯದಾಯಿತು. ಆಯವ್ಯಯಕ್ಕೂ ಅವರೇ ಒಪ್ಪಿಗೆ ಕೊಡುತ್ತಿದ್ದರು.

ಆ ಕಾಲದಲ್ಲೇ ನಮ್ಮ ಬೀದಿಯ ಮೋರಿ, ಹತ್ತು ವರ್ಷ ಆಗದಿದ್ದುದು, ಒಂದು ತಿಂಗಳಲ್ಲಿ ಆಯಿತು. ನಾನು ಸಂತೋಷಪಟ್ಟೆ, ಸುಳ್ಳೇಕೆ ಹೇಳಲಿ? ಕೆಲಸ ಒಳ್ಳೆಯದಾದರೆ ಚರ್ಚೆ ಯಾತಕ್ಕೆ ಎಂದು ಸ್ನೇಹಿತರೊಡನೆ ವಾದಿಸಿಯೂ ಇದ್ದೆ.

ಮೋರಿಯ ಪಕ್ಕದಲ್ಲಿ ಹೂವಿನ ಬುಟ್ಟಿ ಇಡುತ್ತಿದ್ದಾಕೆಯನ್ನು ಗುತ್ತಿಗೆಯವರು ಎಬ್ಬಿಸಿದ್ದರು. ಚಪ್ಪಡಿ ಹಾಸಿದ ಮೇಲೂ ಆ ಜಾಗ ಆಕೆಗೆ ಸಿಗಲಿಲ್ಲ. ಒಂದು ಬೆಳಗ್ಗೆ, ಆಚೆ ಬೀದಿಯ ಮೂಲೆಯಲ್ಲಿ ಕುಳಿತಿದ್ದವಳು ನನ್ನನ್ನು ತಡೆದು ಕೇಳಿದಳು:

“ಯಾರನ್ನ ಕೇಳ್ಬೇಕು ಸ್ವಾಮಿ?”

ಹಿಂದಾಗಿದ್ದರೆ ಸದಸ್ಯರ ಮನೆ ತೋರಿಸುತ್ತಿದ್ದೆ. ಅವರು ಏನೂ ಮಾಡದೆ ಇರಬಹುದಿತ್ತು. ಆದರೂ ಮುಂದಿನ ಚುನಾವಣೆಗೆ ಆಕೆಯ ಬಾಗಿಲಿಗೇ ಬರಬೇಕಿತ್ತು. ನಾನು ಒಂದು ಮೊಳ ಮಲ್ಲಿಗೆ ಕೊಂಡು, ಚಿಲ್ಲರೆ ಬೇಡವೆಂದು ಹೇಳಿ ಬಂದೆ.